ಧ್ವನಿಯನ್ನು ಪರೀಕ್ಷಿಸುವವರಿಲ್ಲದ ಮನೆ: ಚಾರ್ಲ್ಸ್ ಬ್ರಾಕ್‌ಡನ್ ಬ್ರೌನನ ‘ವೀಲ್ಯಾಂಡ್’

ಅಮೆರಿಕದ ಕಥನಸಾಹಿತ್ಯದಲ್ಲಿ ಪಾಪ, ಅಪರಾಧಪ್ರಜ್ಞೆ ಮತ್ತು ದೈವಸಂಕಲ್ಪಗಳ ವಿಚಾರ ಬಂದಾಗ ದೈವಜ್ಞಾನದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಾಥಾರ್ನ್ ಅಥವಾ ಮೆಲ್ವಿಲ್ಲನ ಹೆಸರನ್ನು ಎತ್ತುತ್ತಾರೆ. ಇವರಿಬ್ಬರೂ ಹುಟ್ಟುವ ಮೊದಲೇ, 1798ರಲ್ಲಿ, ಫಿಲಡೆಲ್ಫಿಯದ ಇಪ್ಪತ್ತೇಳು ವರ್ಷದ ಕ್ವೇಕರ್ ಮನೆತನದ ಯುವಕನೊಬ್ಬನು ದೇವರ ಆಜ್ಞೆಯೆಂದು ನಂಬಿ ಹೆಂಡತಿಮಕ್ಕಳನ್ನು ಕೊಂದ ಮನುಷ್ಯನ ಕಥೆಯನ್ನು ಬರೆದು ಪ್ರಕಟಿಸಿದ್ದನು. ಕಾದಂಬರಿಯ ಹೆಸರು ‘ವೀಲ್ಯಾಂಡ್’. ಬರೆದವನು ಚಾರ್ಲ್ಸ್ ಬ್ರಾಕ್‌ಡನ್ ಬ್ರೌನ್. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು ಅವನನ್ನು ಚರಿತ್ರೆಯ ಒಂದು ಮೆಟ್ಟಿಲೆಂದು ಹೆಸರಿಸಿ ಮುಂದೆ ಸಾಗುತ್ತಾರೆ. ದೈವಜ್ಞಾನದ ಗ್ರಂಥಗಳಲ್ಲಿ ಅವನ ಹೆಸರು ಕಾಣಸಿಗುವುದೇ ವಿರಳ. ಈ ಅಲಕ್ಷ್ಯವು ಸಾಹಿತ್ಯಕ್ಕಿಂತ ಹೆಚ್ಚಾಗಿ ನಮಗೇ, ಅಂದರೆ ಸಭೆಯ ಸೇವೆಗೆ ಸಿದ್ಧರಾಗುವವರಿಗೆ, ನಷ್ಟವನ್ನುಂಟುಮಾಡಿದೆಯೆಂಬುದು ನಮ್ಮ ಅಭಿಪ್ರಾಯ.

ಬ್ರೌನನು 1771ರ ಜನವರಿ 17ರಂದು ಹುಟ್ಟಿದನು. ತಂದೆ ಎಲೈಜಾ ಬ್ರೌನ್ ವ್ಯಾಪಾರಿ. ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ಶಸ್ತ್ರ ಹಿಡಿಯಲೊಲ್ಲದ ಕ್ವೇಕರರ ಮೇಲೆ ರಾಜದ್ರೋಹದ ಅನುಮಾನ ಬಿದ್ದಿತು. 1777ರಲ್ಲಿ ಅವರಲ್ಲಿ ಕೆಲವರನ್ನು ವಿಚಾರಣೆಯಿಲ್ಲದೆ ವರ್ಜೀನಿಯದ ವಿಂಚೆಸ್ಟರಿಗೆ ಗಡಿಪಾರು ಮಾಡಲಾಯಿತು. ಎಲೈಜಾ ಅವರಲ್ಲೊಬ್ಬನು. ಆಗ ಮಗನಿಗೆ ಆರು ವರ್ಷ. ‘ವೀಲ್ಯಾಂಡ್’ ಕಥೆಯನ್ನು ಹೇಳುವ ಕ್ಲಾರಾ ತನ್ನ ತಂದೆಯನ್ನು ಕಳೆದುಕೊಳ್ಳುವುದೂ ಆರನೆಯ ವರ್ಷದಲ್ಲಿಯೇ. ಇಂಥ ಹೋಲಿಕೆಗಳಿಂದ ಹೆಚ್ಚಿನದನ್ನು ಹಿಂಡಬಾರದು. ಆದರೂ ಮನಸ್ಸಾಕ್ಷಿಯ ನಿಮಿತ್ತ ತಂದೆಯು ಮನೆಯಿಂದ ಕಾಣೆಯಾಗುವುದು ಏನೆಂಬುದನ್ನು ಈ ಲೇಖಕನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಅವನು ಕ್ವೇಕರರ ಲ್ಯಾಟಿನ್ ಶಾಲೆಯಲ್ಲಿ ರಾಬರ್ಟ್ ಪ್ರೌಡ್ ಎಂಬ ಇತಿಹಾಸಕಾರನ ಕೈಕೆಳಗೆ ಓದಿದನು, ವಕೀಲನ ಕಚೇರಿಯಲ್ಲಿ ಕೆಲವು ವರ್ಷ ಕಲಿತು ಬೇಸತ್ತು ಬಿಟ್ಟನು, ನ್ಯೂಯಾರ್ಕಿನ ವಿದ್ವತ್ ಗೆಳೆಯರ ಬಳಗವನ್ನು ಸೇರಿದನು. ಆ ಬಳಗದ ಪ್ರಾಣವಾಗಿದ್ದ ವೈದ್ಯ ಎಲಿಹು ಹಬಾರ್ಡ್ ಸ್ಮಿತ್ 1798ರ ಸೆಪ್ಟೆಂಬರಿನಲ್ಲಿ ಹಳದಿಜ್ವರಕ್ಕೆ ಬಲಿಯಾದನು. ಅದೇ ತಿಂಗಳಲ್ಲಿ ‘ವೀಲ್ಯಾಂಡ್’ ಅಚ್ಚಾಗಿ ಹೊರಬಂದಿತು. ಬ್ರೌನನೂ ಜ್ವರಕ್ಕೆ ತುತ್ತಾಗಿ ಬದುಕಿಕೊಂಡನು.

ಕಥೆಯ ಬೀಜವು ಕಲ್ಪನೆಯದಲ್ಲ. 1781ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಪ್ರಾಂತದ ಟಾಮ್‌ಹ್ಯಾನಕ್ ಎಂಬಲ್ಲಿ ಜೇಮ್ಸ್ ಯೇಟ್ಸ್ ಎಂಬ ರೈತನು ತನ್ನ ವಿಗ್ರಹಗಳನ್ನು ನಾಶಮಾಡೆಂದು ಆತ್ಮವು ಆಜ್ಞಾಪಿಸಿತೆಂದು ಹೇಳಿ ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಕೊಂದನು. ಆ ಸಂಜೆ ಮನೆಯಲ್ಲಿ ಸತ್ಯವೇದವನ್ನು ಓದಿ ಹಾಡಿದ್ದರು. 1796ರಲ್ಲಿ ಈ ವೃತ್ತಾಂತವು ನ್ಯೂಯಾರ್ಕಿನ ಒಂದು ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಥ ಒಂದು ನಿಜಘಟನೆ ಓದುಗರ ನೆನಪಿನಲ್ಲಿರಬಹುದೆಂದು ಬ್ರೌನನು ತನ್ನ ಕಾದಂಬರಿಯ ಮುನ್ನುಡಿಯಲ್ಲಿಯೇ ಸೂಚಿಸುತ್ತಾನೆ. ಇದರ ಪಕ್ಕದಲ್ಲಿ ಇನ್ನೊಂದು ಘಟನೆಯನ್ನು ಇಟ್ಟು ನೋಡಬೇಕು. ಯೇಟ್ಸನ ಕೃತ್ಯಕ್ಕೆ ಸರಿಯಾಗಿ ಒಂದು ವರ್ಷದ ನಂತರ, 1782ರ ಡಿಸೆಂಬರಿನಲ್ಲಿ, ಕನೆಕ್ಟಿಕಟ್ಟಿನ ವೆದರ್ಸ್‌ಫೀಲ್ಡಿನಲ್ಲಿ ವಿಲಿಯಂ ಬೀಡಲ್ ಎಂಬ ವ್ಯಾಪಾರಿಯು ತನ್ನ ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಕೊಂದು ತಾನೂ ಸತ್ತನು. ಇವನು ಕ್ರೈಸ್ತ ಪ್ರಕಟನೆಯನ್ನು ತಳ್ಳಿಹಾಕಿ ಬುದ್ಧಿಯ ದೇವರನ್ನು ಮಾತ್ರ ಒಪ್ಪುವ ಡೀಯಿಸ್ಟನಾಗಿದ್ದನು. ಆತ್ಮದ ಧ್ವನಿಯನ್ನು ಕೇಳಿದವನೂ ತರ್ಕವನ್ನೇ ನಂಬಿದವನೂ ಒಂದೇ ಕಡೆಗೆ ಬಂದು ಸೇರಿದರು. ‘ವೀಲ್ಯಾಂಡ್’ ಧರ್ಮಾಂಧತೆಯ ವಿರುದ್ಧ ಬುದ್ಧಿವಾದಿಯೊಬ್ಬನು ಬರೆದ ಖಂಡನೆಯೆಂದು ಸರಳವಾಗಿ ಹೇಳುವವರು ಈ ಎರಡನೆಯ ಮನೆಯನ್ನು ಮರೆಯುತ್ತಾರೆ.

ಕಾದಂಬರಿಯ ತಿರುಳು ಅದರ ಮೊದಲ ಎರಡು ಅಧ್ಯಾಯಗಳಲ್ಲಿದೆ ಎಂದು ನಾವು ಎಣಿಸುತ್ತೇವೆ. ಅವಸರದ ಓದುಗರು ದಾಟಿಬಿಡುವ ಪುಟಗಳು ಅವೇ. ಹಿರಿಯ ವೀಲ್ಯಾಂಡ್ ಜರ್ಮನ್ ಮೂಲದವನು. ಲಂಡನ್ನಿನ ಒಬ್ಬ ವ್ಯಾಪಾರಿಯ ಬಳಿ ದುಡಿಮೆಗೆ ಸೇರಿದವನು. ಏಕಾಂಗಿಯಾಗಿ, ಬೇಸರದಲ್ಲಿ ದಿನ ಕಳೆಯುತ್ತಿದ್ದ ಅವನ ಕೈಗೆ ಫ್ರಾನ್ಸಿನ ಹಿಂಸೆಗೊಳಗಾದ ಪ್ರೊಟೆಸ್ಟಂಟರ, ಕಾಮಿಸಾರರ, ಉಪದೇಶಗಳುಳ್ಳ ಹಳೆಯ ಪುಸ್ತಕವೊಂದು ಸಿಗುತ್ತದೆ. ಅದನ್ನು ಓದಿದ ಮೇಲೆ ಸತ್ಯವೇದವನ್ನು ಕೊಂಡು ತರುತ್ತಾನೆ. ಆದರೆ ಸತ್ಯವೇದವನ್ನು ಆ ಪುಸ್ತಕದ ಕನ್ನಡಕದಿಂದಲೇ ಓದುತ್ತಾನೆ. ವಾಕ್ಯಗಳನ್ನು ಅವುಗಳ ಸಂದರ್ಭದಿಂದ ಕಿತ್ತು, ಒಂದನ್ನು ಇನ್ನೊಂದರೊಂದಿಗೆ ತೂಗಿನೋಡದೆ ಅರ್ಥ ಮಾಡುತ್ತಿದ್ದನೆಂದು ಮಗಳು ಕ್ಲಾರಾ ಹೇಳುತ್ತಾಳೆ. ವ್ಯಾಖ್ಯಾನಶಾಸ್ತ್ರದ ತರಗತಿಯಲ್ಲಿ ನಾವು ಮೊದಲ ವರ್ಷವೇ ಎಚ್ಚರಿಸುವ ದೋಷವನ್ನು ಬ್ರೌನನು ಒಂದು ಮನೆತನದ ದುರಂತದ ಬೇರಿನಲ್ಲಿ ಇಟ್ಟಿದ್ದಾನೆ.

ಮೂಲನಿವಾಸಿಗಳಿಗೆ ಸುವಾರ್ತೆ ಸಾರಲೆಂದು ಈತನು ಅಮೆರಿಕಕ್ಕೆ ಹೊರಡುತ್ತಾನೆ. ಅಲ್ಲಿಗೆ ತಲುಪಿದೊಡನೆ ಧೈರ್ಯ ಕುಗ್ಗುತ್ತದೆ. ಸ್ಕೂಲ್‌ಕಿಲ್ ನದಿಯ ದಡದಲ್ಲಿ ಹೊಲ ಕೊಳ್ಳುತ್ತಾನೆ. ಅಗ್ಗದ ಭೂಮಿಯಿಂದಲೂ ಆಫ್ರಿಕದ ಗುಲಾಮರ ದುಡಿಮೆಯಿಂದಲೂ ಸಿರಿವಂತನಾಗುತ್ತಾನೆ. ಈ ಕೊನೆಯ ಸಂಗತಿಯನ್ನು ಬ್ರೌನನು ಒಂದೇ ವಾಕ್ಯದಲ್ಲಿ ಹೇಳಿ ಮುಂದುವರಿಯುತ್ತಾನೆ. ಕ್ವೇಕರರಲ್ಲಿ ಗುಲಾಮಗಿರಿಯ ಪ್ರಶ್ನೆ ಆಗಲೇ ಇತ್ಯರ್ಥವಾಗಿದ್ದುದರಿಂದ ಫಿಲಡೆಲ್ಫಿಯದ ಓದುಗರಿಗೆ ಆ ಒಂದು ವಾಕ್ಯವೇ ಸಾಕಾಗಿತ್ತೆಂದು ತೋರುತ್ತದೆ. ವರ್ಷಗಳ ಮೇಲೆ ಹಳೆಯ ಕರೆ ಮತ್ತೆ ಕಾಡುತ್ತದೆ. ಸಾರಲು ಹೋಗಿ, ಗೇಲಿಗೆ ಗುರಿಯಾಗಿ, ದಣಿದು ಹಿಂದಿರುಗುತ್ತಾನೆ. ಮನೆಯಿಂದ ಮುನ್ನೂರು ಗಜ ದೂರದಲ್ಲಿ, ನದಿಯ ಮೇಲಿನ ಬಂಡೆಯ ನೆತ್ತಿಯಲ್ಲಿ ಕಂಬಗಳ ಒಂದು ಗುಡಿಯನ್ನು ಕಟ್ಟಿಸಿ, ನಡುಹಗಲು ಮತ್ತು ನಡುರಾತ್ರಿ ಅಲ್ಲಿಗೆ ಒಬ್ಬನೇ ಹೋಗಿ ಪ್ರಾರ್ಥಿಸತೊಡಗುತ್ತಾನೆ.

ಒಬ್ಬನೇ ಎಂಬುದನ್ನು ಗಮನಿಸಬೇಕು. ಅವನು ಯಾವ ಸಭೆಗೂ ಸೇರಿದವನಲ್ಲ. ಎಲ್ಲ ಪಂಥಗಳಲ್ಲಿಯೂ ಸಮಾನವಾಗಿರುವ ಸಾಮೂಹಿಕ ಆರಾಧನೆಯೇ ಅವನ ವಿಶ್ವಾಸಪ್ರಮಾಣದಲ್ಲಿ ಇಲ್ಲ. ಅಂತರಂಗದಲ್ಲಿ ಪ್ರಾರ್ಥಿಸಬೇಕೆಂಬ ಪರ್ವತಪ್ರಸಂಗದ ಬೋಧನೆಯನ್ನು ಅವನು ಎಷ್ಟು ಅಕ್ಷರಶಃ ಹಿಡಿದನೆಂದರೆ ಸ್ವಂತ ಹೆಂಡತಿಯನ್ನೂ ಹೊರಗಿಟ್ಟನು. ಆಕೆಯಾದರೋ ಜಿನ್ಜೆಂಡಾರ್ಫನ ಅನುಯಾಯಿಗಳ ರೀತಿಯಲ್ಲಿ ಪ್ರಾರ್ಥಿಸಿ ಹಾಡುತ್ತಿದ್ದ ಮೊರೇವಿಯನ್ ಭಕ್ತೆ. ಬಾಸೆಲ್ ಮಿಷನ್ ತಂದ ಪಯಟಿಸಂನ ಮೂಲಕ ಕ್ರಿಸ್ತನನ್ನು ಅರಿತ ನಮ್ಮ ಸಭೆಗಳಿಗೆ ಈ ಪರಂಪರೆ ಹೊರಗಿನದಲ್ಲ. ಭಾವಪೂರ್ಣವಾದರೂ ಹತ್ತು ಜನರೊಡನೆ ಕೂಡಿ ಹಾಡುವ ಭಕ್ತಿ ಅದು. ಅದೇ ಸೂರಿನಡಿ ಗಂಡನ ಏಕಾಂತಭಕ್ತಿ ಬೇರೆಯೇ ದಾರಿ ಹಿಡಿಯುತ್ತದೆ. ದೇವರು ತನಗೆ ಒಂದು ಕಾರ್ಯವನ್ನು ಆಜ್ಞಾಪಿಸಿದ್ದನು, ತಾನು ತಡಮಾಡಿದೆನು, ಈಗ ದಂಡನೆ ಬರಲಿದೆ ಎಂದು ಅವನು ನಂಬುತ್ತಾನೆ. ಆ ಕಾರ್ಯವೇನೆಂದು ಯಾರಿಗೂ ಹೇಳುವುದಿಲ್ಲ. ಒಂದು ಆಗಸ್ಟ್ ರಾತ್ರಿ ಗುಡಿಯಲ್ಲಿ ವಿವರಿಸಲಾಗದ ಬೆಳಕೊಂದು ಹೊಳೆದು, ಉಡುಪು ಬೂದಿಯಾಗಿ, ಮೈ ಸುಟ್ಟು ಸಾಯುತ್ತಾನೆ. ಹೇಳದೆ ಉಳಿದ ಆ ಆಜ್ಞೆ ಮಗನಿಗೆ ಪಿತ್ರಾರ್ಜಿತವಾಗುತ್ತದೆ.

ಮಗ ಥಿಯೊಡೋರನು ಕುರುಡುಭಕ್ತನಲ್ಲ. ಸುಶಿಕ್ಷಿತನು, ಗಂಭೀರನು, ಸಿಸೆರೋನ ಭಾಷಣಗಳನ್ನು ಅಭ್ಯಾಸ ಮಾಡುವವನು. ತಂದೆಯ ಗುಡಿಯಲ್ಲಿ ಈಗ ಸಿಸೆರೋನ ಪ್ರತಿಮೆಯಿದೆ, ಸಂಗೀತವಾದ್ಯವಿದೆ. ಹೆಂಡತಿ ಕ್ಯಾಥರಿನ್, ಆಕೆಯ ಅಣ್ಣ ಪ್ಲೆಯೆಲ್, ತಂಗಿ ಕ್ಲಾರಾ ಎಲ್ಲರೂ ಅಲ್ಲಿ ಸೇರಿ ಓದುತ್ತಾರೆ, ವಾದಿಸುತ್ತಾರೆ. ಪ್ಲೆಯೆಲ್ ತನ್ನ ಬುದ್ಧಿಯ ಹೊರತು ಬೇರಾವ ಗುರುವನ್ನೂ ಒಪ್ಪದವನು. ಥಿಯೊಡೋರನು ಕ್ಯಾಲ್ವಿನ್ ಮಾರ್ಗದ ಒಲವುಳ್ಳವನು. ಇಬ್ಬರ ನಡುವೆ ಸ್ನೇಹವಿದೆ. ಆರಾಧನೆಯ ಸ್ಥಳವು ಸಂಭಾಷಣೆಯ ಸ್ಥಳವಾಗಿದೆ, ಆದರೆ ಅದು ಸಭೆಯಾಗಿಲ್ಲ. ಅಲ್ಲಿ ಹಿರಿಯರಿಲ್ಲ, ಪಾಪನಿವೇದನೆಯಿಲ್ಲ, ಸಂಸ್ಕಾರಗಳಿಲ್ಲ. ನನಗೆ ಹೀಗೆ ಕೇಳಿಸಿತು, ನೀವು ಏನನ್ನುತ್ತೀರಿ ಎಂದು ಕೇಳುವ ಪದ್ಧತಿಯೂ ಇಲ್ಲ. ಅಲ್ಲಿಗೆ ಕಾರ್ವಿನ್ ಎಂಬ ಅಪರಿಚಿತನು ಬರುತ್ತಾನೆ. ಅವನಿಗೆ ತನ್ನ ಧ್ವನಿಯನ್ನು ಬೇರೆಡೆಯಿಂದ ಬಂದಂತೆ ಕೇಳಿಸುವ, ಇತರರ ದನಿಯನ್ನು ಅನುಕರಿಸುವ ವಿದ್ಯೆ ಗೊತ್ತು. ಕುತೂಹಲಕ್ಕೂ ಹಗುರ ಸ್ವಾರ್ಥಕ್ಕೂ ಅದನ್ನು ಬಳಸುತ್ತಾನೆ. ಮನೆಯವರಿಗೆ ಧ್ವನಿಗಳು ಕೇಳಿಸತೊಡಗುತ್ತವೆ. ಬುದ್ಧಿವಾದಿ ಪ್ಲೆಯೆಲ್ ತನ್ನ ಕಿವಿಗಳನ್ನು ಪೂರ್ಣವಾಗಿ ನಂಬಿ, ಕ್ಲಾರಾಳ ಶೀಲದ ಮೇಲೆ ಸುಳ್ಳು ಆರೋಪ ಹೊರಿಸುತ್ತಾನೆ. ಸಾಕ್ಷ್ಯವನ್ನು ಮರುಪರಿಶೀಲಿಸುವುದು ಅವನಿಗೂ ಹೊಳೆಯುವುದಿಲ್ಲ. ಥಿಯೊಡೋರನೋ ಬಹುಕಾಲದಿಂದ ದೇವರ ಚಿತ್ತವನ್ನು ನೇರವಾಗಿ ಅರಿಯಬೇಕೆಂದು ಹಂಬಲಿಸುತ್ತಿದ್ದವನು. ಅವನಿಗೆ ಬೆಳಕು ಕಾಣಿಸುತ್ತದೆ, ಆಜ್ಞೆ ಕೇಳಿಸುತ್ತದೆ.

ಹತ್ತೊಂಬತ್ತನೆಯ ಅಧ್ಯಾಯವು ನ್ಯಾಯಾಲಯದಲ್ಲಿ ಥಿಯೊಡೋರನು ಕೊಟ್ಟ ಹೇಳಿಕೆ. ಅಮೆರಿಕದ ಸಾಹಿತ್ಯದಲ್ಲಿ ಇಷ್ಟು ಮನಕಲಕುವ ಪುಟಗಳು ಹೆಚ್ಚಿಲ್ಲ. ಹುಚ್ಚನ ಅರಚಾಟ ಅಲ್ಲಿಲ್ಲ. ಸಾಕ್ಷಿಕೂಟದಲ್ಲಿ ಎದ್ದುನಿಂತ ವಿಶ್ವಾಸಿಯ ಹಾಗೆ, ಕ್ರಮಬದ್ಧವಾಗಿ, ಸ್ತುತಿಯ ಭಾಷೆಯಲ್ಲಿ ಮಾತಾಡುತ್ತಾನೆ. ದೇವರ ಚಿತ್ತಕ್ಕೆ ಅಧೀನನಾಗುವುದು, ಪ್ರಿಯವಾದುದನ್ನು ಅರ್ಪಿಸುವುದು, ಮಾಂಸದ ಬಲಹೀನತೆಯೊಡನೆ ಹೋರಾಡುವುದು ಎಂಬ ನಮ್ಮ ಭಕ್ತಿಯ ಶಬ್ದಗಳೆಲ್ಲ ಅಲ್ಲಿವೆ. ನಾವು ಆ ಪುಟಗಳಿಂದ ದೂರ ನಿಲ್ಲಲು ಬಯಸುತ್ತೇವೆ, ಶಬ್ದಗಳು ಬಿಡುವುದಿಲ್ಲ. ದೇವರು ನನ್ನೊಡನೆ ಮಾತಾಡಿದನು ಎಂದು ಪ್ರಾರ್ಥನಾಕೂಟದಲ್ಲಿ ಹೇಳುವವರ ಮಾತನ್ನು ಆಮೆನ್ ಎಂದು ಸ್ವೀಕರಿಸುವ ಸಭಾಪಾಲಕನು ಈ ಅಧ್ಯಾಯವನ್ನು ಒಮ್ಮೆಯಾದರೂ ಓದಿರಬೇಕು.

‘ವೀಲ್ಯಾಂಡ್’ ಹೊರಬಂದ 1798ರಲ್ಲಿಯೇ ಕೋನಿಗ್ಸ್‌ಬರ್ಗಿನಲ್ಲಿ ಇಮ್ಯಾನುಯೆಲ್ ಕಾಂಟನು ವಿದ್ಯಾಶಾಖೆಗಳ ಕಲಹವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಅದರ ಒಂದು ಅಡಿಟಿಪ್ಪಣಿಯಲ್ಲಿ ಆದಿಕಾಂಡ 22ರ ವಿಚಾರ ಬರುತ್ತದೆ. ಮಗನನ್ನು ಕೊಲ್ಲಬಾರದೆಂಬುದು ನನಗೆ ನಿಶ್ಚಯ, ಆದರೆ ಮಾತಾಡುತ್ತಿರುವವನು ದೇವರೆಂಬುದು ನಿಶ್ಚಯವಲ್ಲ ಎಂಬ ಅರ್ಥದ ಉತ್ತರವನ್ನು ಅಬ್ರಹಾಮನು ಕೊಡಬೇಕಾಗಿತ್ತೆಂಬುದು ಕಾಂಟನ ವಾದ. ಕೀರ್ಕೆಗಾರ್ಡನ ‘ಭಯ ಮತ್ತು ನಡುಕ’ ಬರುವುದು 1843ರಲ್ಲಿ. ಸೆಮಿನರಿಗಳಲ್ಲಿ ಅಬ್ರಹಾಮನ ಪ್ರಶ್ನೆಯನ್ನು ಈ ಇಬ್ಬರ ನಡುವಿನ ವಾದವಾಗಿ ಕಲಿಸುವುದು ರೂಢಿ. ಬ್ರೌನನನ್ನು ಮೂರನೆಯವನಾಗಿ ಕೂರಿಸಿದರೆ ಚರ್ಚೆಯ ಸ್ವರೂಪವೇ ಬದಲಾಗುತ್ತದೆ. ಕಾಂಟನ ಉತ್ತರಕ್ಕೆ ಕದಡದ ಮನಸ್ಸಾಕ್ಷಿ ಬೇಕು. ಥಿಯೊಡೋರನ ಮನಸ್ಸಾಕ್ಷಿಯೇ ಆಜ್ಞೆಗಾಗಿ ಕಾದು ಹದಗೊಂಡಿತ್ತು. ಕೀರ್ಕೆಗಾರ್ಡನ ವಿಶ್ವಾಸವೀರನು ಯಾರಿಗೂ ವಿವರಿಸಲಾರದ ಮೌನದಲ್ಲಿ ನಡೆಯುತ್ತಾನೆ. ಆ ಮೌನ ಎಷ್ಟು ಅಪಾಯದ್ದೆಂಬುದನ್ನು ಬ್ರೌನನು ಎರಡು ತಲೆಮಾರುಗಳಲ್ಲಿ ತೋರಿಸಿದ್ದಾನೆ.

ಆದಿಕಾಂಡದಲ್ಲಿ ಕತ್ತಿ ಎತ್ತಿದ ಕೈಯನ್ನು ಎರಡನೆಯ ಧ್ವನಿ ತಡೆಯುತ್ತದೆ. ಬ್ರೌನನ ಕಥೆಯಲ್ಲಿಯೂ ಎರಡನೆಯ ಧ್ವನಿಯಿದೆ, ಆದರೆ ಎಲ್ಲ ಮುಗಿದ ಮೇಲೆ. ಹೆಂಡತಿಮಕ್ಕಳನ್ನು ಕೊಂದು, ಸೆರೆಯಿಂದ ತಪ್ಪಿಸಿಕೊಂಡು ಬಂದ ಥಿಯೊಡೋರನು ತಂಗಿಯನ್ನೂ ಅರ್ಪಿಸಲು ನಿಂತಾಗ, ನೀನು ಮೋಸಹೋದೆ, ಆ ಆಜ್ಞೆ ಪರಲೋಕದ್ದಲ್ಲ ಎಂಬ ಧ್ವನಿ ಕೇಳಿಬರುತ್ತದೆ. ಅದು ದೂತನದಲ್ಲ, ವಂಚಕ ಕಾರ್ವಿನನದು. ಮೊರೀಯ ಬೆಟ್ಟದ ಮೇಲೆ ದೇವದೂತನು ವಹಿಸಿದ ಪಾತ್ರವನ್ನು ಇಲ್ಲಿ ಒಬ್ಬ ಮಾಯಾಧ್ವನಿಗಾರನು ವಹಿಸುತ್ತಾನೆ. ಸುಳ್ಳು ಧ್ವನಿಯೊಂದು ನಿಜವನ್ನು ಹೇಳುತ್ತದೆ. ಥಿಯೊಡೋರನು ಅದನ್ನೂ ಪರೀಕ್ಷಿಸದೆ ನಂಬಿ, ತನ್ನ ಕೃತ್ಯದ ಭಾರವನ್ನು ಮೊದಲ ಬಾರಿಗೆ ಕಂಡು, ತನ್ನ ಪ್ರಾಣವನ್ನೇ ತೆಗೆದುಕೊಳ್ಳುತ್ತಾನೆ. ಕೊಲ್ಲುವ ಆಜ್ಞೆಯನ್ನು ಕೊಟ್ಟವನು ತಾನಲ್ಲವೆಂದು ಕಾರ್ವಿನ್ ಕೊನೆಯವರೆಗೂ ಹೇಳುತ್ತಾನೆ. ವೈದ್ಯನಾದ ಮಾವನು ಅದನ್ನು ಮನೋರೋಗವೆನ್ನುತ್ತಾನೆ. ಬ್ರೌನನು ತೀರ್ಪು ಕೊಡುವುದಿಲ್ಲ. ಇದನ್ನು ಕಥನದೋಷವೆಂದು ಎಣಿಸಿದ ವಿಮರ್ಶಕರಿದ್ದಾರೆ. ನಮಗೆ ಅದು ಪ್ರಾಮಾಣಿಕತೆಯೆಂದು ತೋರುತ್ತದೆ.

ಪರೀಕ್ಷೆಯ ಪ್ರಶ್ನೆಯು ಕ್ವೇಕರ್ ಮನೆಯಲ್ಲಿ ಬೆಳೆದವನಿಗೆ ಹೊಸದಾಗಿರಲಿಲ್ಲ. ಪ್ರತಿಯೊಬ್ಬನೊಳಗೂ ಕ್ರಿಸ್ತನ ಬೆಳಕಿದೆಯೆಂಬುದು ಆ ಸಮಾಜದ ಮೂಲಬೋಧೆ. ಒಳಗಿನ ಪ್ರಕಟನೆಯು ಶಾಸ್ತ್ರವನ್ನಾಗಲಿ ಸ್ವಸ್ಥಬುದ್ಧಿಯನ್ನಾಗಲಿ ಎಂದಿಗೂ ವಿರೋಧಿಸದು, ಆದರೂ ಅವುಗಳ ಪರೀಕ್ಷೆಗೆ ಒಳಪಡುವಂಥದ್ದೂ ಅಲ್ಲ ಎಂಬುದು ರಾಬರ್ಟ್ ಬಾರ್ಕ್ಲೇಯ ಪ್ರಸಿದ್ಧ ಸಿದ್ಧಾಂತ. ಕಾಗದದ ಮೇಲೆ ಇದು ಥಿಯೊಡೋರನಿಗೆ ಬಾಗಿಲು ತೆರೆದಿಟ್ಟಂತೆಯೇ ಕಾಣುತ್ತದೆ. ಆದರೆ ಆಚರಣೆಯಲ್ಲಿ ಕ್ವೇಕರರು ತಮಗೆ ಬಂದ ಪ್ರೇರಣೆಯನ್ನು ಕೂಟದ ಮುಂದೆ ಇಟ್ಟರು. ಮೌನವಾಗಿ ಕೂತ ಹಿರಿಯರು ಅದನ್ನು ತೂಗಿ ನೋಡಿದರು. ದೂರದ ಊರಿಗೆ ಬೋಧಿಸಲು ಹೋಗುವವನು ಕೂಟದ ಒಪ್ಪಿಗೆಪತ್ರವನ್ನು ಪಡೆಯಬೇಕಾಗಿತ್ತು. ಬ್ರೌನನು ತನ್ನ ಕಾದಂಬರಿಯಲ್ಲಿ ಒಳಗಿನ ಬೆಳಕನ್ನು ಉಳಿಸಿಕೊಂಡು ಕೂಟವನ್ನು ತೆಗೆದುಹಾಕಿ ಏನಾಗುತ್ತದೆಂದು ನೋಡಿದನೆಂಬುದೇ ನಮ್ಮ ಓದು. ಪ್ರತಿಯೊಂದು ಆತ್ಮವನ್ನೂ ನಂಬದೆ ಪರೀಕ್ಷಿಸಬೇಕೆಂಬ ಯೋಹಾನನ ಮೊದಲ ಪತ್ರದ ನಾಲ್ಕನೆಯ ಅಧ್ಯಾಯದ ಬುದ್ಧಿವಾದವು ಬಹುವಚನದಲ್ಲಿದೆಯೆಂಬುದನ್ನು ಗ್ರೀಕ್ ಕಲಿತವರು ಬಲ್ಲರು. ಹಿನ್ನೋಮ್ ಕಣಿವೆಯಲ್ಲಿ ಮಕ್ಕಳನ್ನು ಸುಟ್ಟವರ ಬಲಿಯನ್ನು ದೇವರು ಬೇಡಿರಲೇ ಇಲ್ಲವೆಂದು ಯೆರೆಮೀಯನು ಸಾರಿದ್ದೂ (7ನೆಯ ಅಧ್ಯಾಯ) ಒಂದು ಜನಾಂಗದ ಮುಂದೆ, ಬಹಿರಂಗವಾಗಿ.

ಕೂಟವಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ಇದರರ್ಥವಲ್ಲ. 1692ರಲ್ಲಿ ಸೇಲಮಿನಲ್ಲಿ ತಪ್ಪಿದ್ದು ಒಬ್ಬಂಟಿಗರಲ್ಲ. 1735ರ ಜೂನ್ ತಿಂಗಳಲ್ಲಿ, ನಾರ್ಥಾಂಪ್ಟನ್ನಿನ ಉಜ್ಜೀವನದ ನಡುವೆಯೇ, ಜೋಸೆಫ್ ಹಾಲಿ ಎಂಬವನು ಆತ್ಮಹತ್ಯೆ ಮಾಡಿಕೊಂಡನು; ಅವನು ಸಭಾಪಾಲಕ ಜೊನಾಥನ್ ಎಡ್ವರ್ಡ್ಸನ ಸ್ವಂತ ಬಂಧು. ಆ ಮೇಲೆ ಊರಿನ ಇತರ ಅನೇಕರಿಗೂ ಹಾಗೆಯೇ ಮಾಡಿಕೊಳ್ಳೆಂದು ಯಾರೋ ಹೇಳಿದಂತೆ ಪ್ರೇರಣೆಯಾಯಿತೆಂದು ಎಡ್ವರ್ಡ್ಸನು 1737ರಲ್ಲಿ ಅಚ್ಚಾದ ತನ್ನ ವೃತ್ತಾಂತದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆಮೇಲೆ ಅವನು 1746ರಲ್ಲಿ ಭಕ್ತಿಭಾವಗಳ ಪರೀಕ್ಷೆಯ ಮೇಲೆ ಒಂದು ಗ್ರಂಥವನ್ನೇ ರಚಿಸಿದನು. ಎಡ್ವರ್ಡ್ಸನು ಉಪದೇಶಕನಾಗಿ ಕೇಳಿದ ಪ್ರಶ್ನೆಯನ್ನು ಬ್ರೌನನು ಕಥೆಗಾರನಾಗಿ ಕೇಳಿದನೆಂದರೆ ಅತಿಶಯೋಕ್ತಿಯಾಗದು.

ಬ್ರೌನನ ಇತರ ಕಾದಂಬರಿಗಳನ್ನು ಇಲ್ಲಿ ವಿವರಿಸಲು ಸ್ಥಳವಿಲ್ಲ. 1799ರ ‘ಎಡ್ಗರ್ ಹಂಟ್ಲಿ’ಯಲ್ಲಿ ನಿದ್ದೆಯಲ್ಲಿ ನಡೆಯುವ ಮನುಷ್ಯನೂ ಗಡಿನಾಡಿನ ರಕ್ತಪಾತವೂ ಇವೆ. 1799 ಮತ್ತು 1800ರಲ್ಲಿ ಎರಡು ಭಾಗಗಳಾಗಿ ಬಂದ ‘ಆರ್ಥರ್ ಮರ್ವಿನ್’ 1793ರ ಫಿಲಡೆಲ್ಫಿಯದ ಹಳದಿಜ್ವರದ ಕಥೆ. ಸುಮಾರು ಐವತ್ತು ಸಾವಿರ ಜನರ ಆ ನಗರದಲ್ಲಿ ಐದು ಸಾವಿರದಷ್ಟು ಜನ ಸತ್ತರು. ರೋಗಿಗಳನ್ನು ಬಿಟ್ಟು ಓಡಿದ ಮನೆಯವರು, ಬುಷ್ ಹಿಲ್ ಆಸ್ಪತ್ರೆಯ ಘೋರ, ಉಪಕಾರ ಮಾಡಹೋದವನ ಮೇಲೆಯೇ ಬೀಳುವ ಸಂಶಯ ಇವೆಲ್ಲ ಅಲ್ಲಿವೆ. ಒಂದು ಕೊರತೆಯನ್ನು ಹೇಳಲೇಬೇಕು. ಆ ದಿನಗಳಲ್ಲಿ ರೋಗಿಗಳ ಶುಶ್ರೂಷೆಗೂ ಸತ್ತವರ ಹೂಳುವಿಕೆಗೂ ಮುಂದೆ ಬಂದವರಲ್ಲಿ ಅಬ್ಸಲೋಮ್ ಜೋನ್ಸ್ ಮತ್ತು ರಿಚರ್ಡ್ ಆಲೆನ್ ಮುಂದಾಳಾಗಿದ್ದ ಕಪ್ಪು ಕ್ರೈಸ್ತರು ಮುಖ್ಯರು. ತಮ್ಮ ಮೇಲೆ ಬಂದ ಅಪವಾದಕ್ಕೆ ಅವರಿಬ್ಬರು 1794ರಲ್ಲಿ ಪುಸ್ತಿಕೆಯ ಮೂಲಕ ಉತ್ತರಿಸಿದ್ದರು. ಅವರಿಗೆ ಸಲ್ಲಬೇಕಾದ ಸ್ಥಾನ ಬ್ರೌನನ ಕಾದಂಬರಿಯಲ್ಲಿ ಸಿಗಲಿಲ್ಲ.

ಇಂಥವನನ್ನು ಏಕೆ ಓದದೆ ಬಿಟ್ಟರು? ತಪ್ಪು ಓದುಗರದು ಮಾತ್ರವಲ್ಲ. ಮೂರು ನಾಲ್ಕು ವರ್ಷಗಳಲ್ಲಿ ಆರು ಕಾದಂಬರಿಗಳನ್ನು ಬರೆದವನ ಅವಸರವು ಪುಟಪುಟದಲ್ಲಿಯೂ ಕಾಣುತ್ತದೆ. ವಾಕ್ಯಗಳು ಬಿಗಿಯಾಗಿವೆ, ಆಕಸ್ಮಿಕಗಳು ಅತಿಯಾಗಿವೆ. ‘ವೀಲ್ಯಾಂಡ್’ ಕೊನೆಯಲ್ಲಿ ಅಷ್ಟೇನೂ ಸಂಬಂಧವಿಲ್ಲದ ಉಪಕಥೆಯೊಂದನ್ನು ಕಟ್ಟಿ ನಿಲ್ಲಿಸಿದೆ. 1798ರ ಡಿಸೆಂಬರಿನಲ್ಲಿ ಅವನು ಆಗ ಉಪಾಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನನಿಗೆ ಒಂದು ಪ್ರತಿಯನ್ನು ಕಳುಹಿಸಿದನು. ಒಂದು ವರ್ಷದ ಮೇಲೆ ಬಂದ ಸೌಜನ್ಯದ ಉತ್ತರದಿಂದ ತಿಳಿದದ್ದು ಅವನು ಇನ್ನೂ ಓದಿಲ್ಲವೆಂಬುದು. ಇಂಗ್ಲೆಂಡಿನಲ್ಲಿ ಶೆಲ್ಲಿ ದಂಪತಿಗಳೂ ಕೀಟ್ಸನೂ ಮೆಚ್ಚಿ ಓದಿದರು. ಅಮೆರಿಕದಲ್ಲಿ ಹಾಥಾರ್ನನು ಗೌರವದಿಂದ ನೆನೆದನು. ಆದರೂ ಪಾಂಡಿತ್ಯಪೂರ್ಣವಾದ ಶುದ್ಧ ಆವೃತ್ತಿಗೆ 1977ರವರೆಗೆ ಕಾಯಬೇಕಾಯಿತು.

ಅವನ ಬಾಳಿನ ಕೊನೆಯ ಭಾಗವು ಅವನ ಕಥೆಯ ಪ್ರಶ್ನೆಯನ್ನೇ ಬೇರೊಂದು ರೀತಿಯಲ್ಲಿ ಎದುರಿಗಿಡುತ್ತದೆ. 1804ರಲ್ಲಿ ಅವನು ಎಲಿಜಬೆತ್ ಲಿನ್ನಳನ್ನು ಮದುವೆಯಾದನು. ಆಕೆ ಸುಧಾರಿತ ಪಂಗಡದ ಸಭಾಪಾಲಕ ವಿಲಿಯಂ ಲಿನ್ನನ ಮಗಳು. ಅಮೆರಿಕದ ಪ್ರತಿನಿಧಿಸಭೆಯ ಮೊದಲ ಚಾಪ್ಲಿನ್ ಆತನೇ. ಸಮಾಜದ ಹೊರಗೆ ಮದುವೆಯಾದ ಕಾರಣಕ್ಕೆ ಕ್ವೇಕರ್ ಕೂಟವು ಬ್ರೌನನನ್ನು ತನ್ನ ಸದಸ್ಯತ್ವದಿಂದ ತೆಗೆದುಹಾಕಿತು. ಕೂಟವಿಲ್ಲದ ಮನೆಯ ಭಯವನ್ನು ಬರೆದವನನ್ನು ಅವನ ಕೂಟವೇ ಹೊರಗಿಟ್ಟಿತು. ಆರು ವರ್ಷಗಳ ನಂತರ, 1810ರ ಫೆಬ್ರವರಿ 22ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡನು.

ಆದಿಕಾಂಡ 22ರ ಮೇಲೆ ಪ್ರಸಂಗ ಸಿದ್ಧಪಡಿಸುವವರು ಕಾದಂಬರಿಯ ಮೊದಲ ಎರಡು ಅಧ್ಯಾಯಗಳನ್ನೂ ಹತ್ತೊಂಬತ್ತನೆಯದನ್ನೂ ಮುಂಚಿತವಾಗಿ ಓದಿಕೊಳ್ಳಬಹುದು. ಆದಿಕಾಂಡದ ಆ ಅಧ್ಯಾಯದಲ್ಲಿ ಸಾರಳು ಮಾತಾಡುವುದಿಲ್ಲ. ಇಸಾಕನು ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತಾನೆ. ನ್ಯಾಯಸ್ಥಾಪಕರು 11ರಲ್ಲಿ ಯೆಫ್ತಾಹನ ಮಗಳಿಗೆ ಹೆಸರೇ ಇಲ್ಲ. ಬ್ರೌನನ ಕಾದಂಬರಿಯಲ್ಲಿ ಕ್ಯಾಥರಿನ್ ಗಂಡನೊಡನೆ ಮಾತಾಡುತ್ತಾಳೆ, ಬೇಡಿಕೊಳ್ಳುತ್ತಾಳೆ. ಆ ಬೇಡಿಕೆಯು ಕೊಂದವನ ಹೇಳಿಕೆಯಲ್ಲಿಯೇ ದಾಖಲಾಗಿ ಉಳಿದಿದೆ. ಇನ್ನು ಇಡೀ ವೃತ್ತಾಂತವನ್ನು ಮೊದಲಿನಿಂದ ಕೊನೆಯವರೆಗೆ ಹೇಳುವವಳು ಕ್ಲಾರಾ: ಅಣ್ಣನು ಮುಂದಿನ ಬಲಿಯೆಂದು ಆರಿಸಿದ್ದ, ಬದುಕಿ ಉಳಿದ ತಂಗಿ.